ಬಸ್ಸಿನ ತೂಕ, ದಾನೇಶ್ವರಿಯ ತೂಕ

ಕಬಡ್ಡಿ ಪಂದ್ಯಕ್ಕೆ ಅರ್ಧ ತಾಸಷ್ಟೇ ಉಳಿದಿರುವಾಗ ಶಾಲೆಯ ಬಸ್ಸು ನವಲಗುಂದದ ಎರೆಮಣ್ಣಿನಲ್ಲಿ ಹೂತುಕೊಂಡಿತು. ತಂಡದ ದಾನೇಶ್ವರಿಗೆ ಮಾತ್ರ ಒಳಗೊಳಗೇ ಹಿಗ್ಗು. ಲೆಕ್ಕದ ಮುಲ್ಲಾ ಸರ್ ತೂಕದ ಹಲಗೆಯನ್ನು ಮೊದಲ ಬಾರಿಗೆ ಅವಳ ಕೈಗೆ ಕೊಟ್ಟಿದ್ದರು. ಆ ಹಲಗೆಯ ಮೇಲೆ ಬರೆದು ಒಂದರ ತೂಕವನ್ನು ಇನ್ನೊಂದಕ್ಕೆ ದಾಟಿಸುವುದನ್ನು ಒಂಬತ್ತನೆಯ ತರಗತಿಯಲ್ಲೇ ಕಲಿಸುತ್ತಾರೆ.

ಅವಳು ಕೊಡುವವರ ಅಂಕಣದಲ್ಲಿ ‘ಬಸ್ಸು, ಜಮಾ, ಐದು ಸಾವಿರ ಕಿಲೋ’ ಎಂದು ಬರೆದಳು. ಬಸ್ಸು ಮಿಸುಕಲಿಲ್ಲ.

“ಕೊಡೋರನ್ನ ಬರದಿ. ತಗೊಳ್ಳೋರು ಯಾರವಾ?” ಸರ್ ಕೇಳಿದರು.

“ನಾನ ರೀ ಸರ!” ಎಂದವಳೇ ಎದುರಿನ ಅಂಕಣದಲ್ಲಿ ತನ್ನ ಹೆಸರು ಬರೆದಳು.

ಮರುಕ್ಷಣ ಅವಳು ಸೊಂಟದವರೆಗೆ ಕೆಸರಿಗಿಳಿದಳು, ಬಸ್ಸು ಗಾಳಿಪಟದಂತೆ ಮೇಲೆದ್ದಿತು! ತಂಡದ ಹುಡುಗಿಯರು ಕೇಕೆ ಹಾಕುತ್ತ ಹಗ್ಗ ಕಟ್ಟಿ ಅದನ್ನು ಡಾಂಬರು ರಸ್ತೆಗೆ ಎಳೆದೊಯ್ದರು.

ದಾನೇಶ್ವರಿ ಬರೆದದ್ದನ್ನು ಅಂಗೈಯಿಂದ ಒರೆಸಲು ಹೋದಳು. “ಅಳಿಸಬ್ಯಾಡ! ತಿರುಗಿಸಿ ಬರಿ!” ಸರ್ ಕೂಗಿದರು. ಬರೆದದ್ದನ್ನು ಅಳಿಸುವ ಪದ್ಧತಿಯೇ ಇಲ್ಲ, ಕೊಟ್ಟವರನ್ನು ತೆಗೆದುಕೊಂಡವರನ್ನಾಗಿ ಮಾಡಿ ಮತ್ತೆ ಬರೆಯಬೇಕು. ದಾನೇಶ್ವರಿ ಸಂಭ್ರಮದಲ್ಲಿ ತನ್ನ ಮೈಮೇಲಿದ್ದ ತೂಕವನ್ನೆಲ್ಲ, ಐದು ಸಾವಿರದ ಮೂವತ್ತೆಂಟು ಕಿಲೋವನ್ನೂ, ಎರಡೂ ಅಂಕಣಗಳಲ್ಲಿ ಬರೆದು ಬಸ್ಸಿಗೆ ಕೊಟ್ಟುಬಿಟ್ಟಳು. ಆ ಮೂವತ್ತೆಂಟು ಅವಳದೇ ಆಗಿತ್ತು.

ಬಸ್ಸು ದಡಕ್ಕನೆ ರಸ್ತೆಗೆ ಕೂತಿತು. ಅವಳು ಕೆಸರಿನಿಂದ ಕಿತ್ತು ಬಂದು ತೇಲತೊಡಗಿದಳು. ಸರ್ ಜಿಗಿದು ಅವಳ ಕಾಲು ಹಿಡಿದುಕೊಂಡರು.

“ಏನ್ ಬರದೀ ದಾನಿ?”

ದಾನೇಶ್ವರಿ ಮೇಲಿನಿಂದಲೇ ಎರಡೂ ಅಂಕಣ ಕೂಡಿಸಿ ನೋಡಿ, ಖುಷಿಯಿಂದ ಕಿರುಚಿದಳು:

“ತಾಳೆ ಆಗೇತ್ರೀ ಸರ!”