ಪಕ್ಕದ ಕೋಣೆಯ ಕ್ಯಾಪ್ಟನ್

ಆನ್‌ಲೈನಿನಲ್ಲಿ ಪರಿಚಯವಾದವರನ್ನು ನಂಬಬೇಡವೆಂದು ಮಗಳು ಎಷ್ಟು ಹೇಳಿದರೂ ಅಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಪಾಠ ಕಲಿಸಲು ಮಗಳೇ ಪಕ್ಕದ ಕೋಣೆಯಲ್ಲಿ ಕೂತು, ನಿವೃತ್ತ ಕ್ಯಾಪ್ಟನ್ ಒಬ್ಬನ ಸುಳ್ಳು ಹೆಸರಿನಲ್ಲಿ ಅಮ್ಮನಿಗೆ ದಿನವೂ ಮೆಸೇಜ್ ಕಳಿಸತೊಡಗಿದಳು.

“ಹೂಟ ಆಯ್ತಾ?”

“ಆಯ್ತು. ಅವರೆಕಾಳು ಸಾರು. ನಿಮ್ಮದು?”

ಫೋನ್ ಸದ್ದಾದರೆ ಸಾಕು, ಅಮ್ಮ ಒಲೆ ಬಿಟ್ಟು ಓಡಿ ಬರುತ್ತಿದ್ದಳು. ಅದನ್ನು ನೋಡಲಾಗದೆ ಮಗಳು ಒಂದು ದಿನ ಎದುರು ಬಂದು ಕೂತಳು.

“ಅಮ್ಮ, ಆ ಕ್ಯಾಪ್ಟನ್ ಸುಳ್ಳು. ಅದು ನಾನೇ. ತಪ್ಪಾಯ್ತು.”

“ಗೊತ್ತು ಕಣೇ,” ಅಮ್ಮ ಅವರೆಕಾಯಿ ಸುಲಿಯುತ್ತಲೇ ಹೇಳಿದಳು. “ಊಟಾನ ‘ಹೂಟ’ ಅಂತ ಬರೆದು ಮೂರನೇ ಕ್ಲಾಸಲ್ಲೇ ಏಟು ತಿಂದಿದ್ದೆ ನೀನು.”

“ಮತ್ಯಾಕೆ ಉತ್ತರ ಕೊಡ್ತಿದ್ದೆ?”

“ಎದುರಿಗಿದ್ದಾಗ ನೀನು ಊಟ ಆಯ್ತಾ ಅಂತ ಕೇಳೋದೇ ಇಲ್ವಲ್ಲ.”