ಸಾಹೇಬ್ರ ಇಸಿಜಿ

ಬಂಧನವಾದ ಕೂಡಲೇ ಮಾಜಿ ಸಚಿವರಿಗೆ ಪದ್ಧತಿಯಂತೆ ಎದೆನೋವು ಬಂತು. ಡ್ಯೂಟಿ ಡಾಕ್ಟರು ಆಕಳಿಸುತ್ತಲೇ ಅವರ ಎದೆಗೆ ಜೆಲ್ ಹಚ್ಚಿ, ವೈರು ಅಂಟಿಸಿ ಇಸಿಜಿ ತೆಗೆದರು.

"ಕುದುರೆ ಥರ ಇದೆ ಹಾರ್ಟು. ಆರಾಮಾಗಿ ಜೈಲಿಗೆ ಕರ್ಕೊಂಡು ಹೋಗ್ಬಹುದು."

"ನಿಮ್ಮ ಮಿಷನ್ನೇ ಕೆಟ್ಟಿದೆ ಡಾಕ್ಟ್ರೇ!" ಸಚಿವರ ಪಿಎ ರೇಗಿದ. "ಬೇಕಾದ್ರೆ ಈ ಪೊಲೀಸಪ್ಪಂಗೆ ಹಾಕಿ ನೋಡಿ."

ನಿದ್ದೆಗೆಟ್ಟು ಕಾವಲಿಗಿದ್ದ ಪೇದೆ ಶಿವಲಿಂಗಯ್ಯ ಶರ್ಟು ಬಿಚ್ಚಿದ. "ಹಾಕಿ ಸಾರ್. ಆ ನೆಪದಲ್ಲಾದ್ರೂ ಒಂಚೂರು ಮೈ ಚಾಚ್ತೀನಿ."

ಹೊರಬಂದ ಕಾಗದ ನೋಡಿ ಡಾಕ್ಟರ ನಿದ್ದೆ ಹಾರಿಹೋಯಿತು. "ಅಯ್ಯೋ, ಇದು ಹಾರ್ಟ್ ಅಟ್ಯಾಕ್ ಕಣ್ರೀ! ತಕ್ಷಣ ಐಸಿಯುಗೆ ಸೇರಿಸ್ಬೇಕು!"

ಪಿಎ ಮುಖ ಅರಳಿತು. "ಹೆಸರು ಇನ್ನೂ ಬರೆದಿಲ್ಲ ಅಲ್ವಾ? ಸಾಹೇಬ್ರದ್ದು ಬರೀರಿ. ಏಳಯ್ಯ ನೀನು, ಐಸಿಯು ಬಾಗ್ಲು ಕಾಯ್ಬೇಕು."