ತಂಪು ಕೆಂಡ

ಡೊಂಬಯ್ಯನ ಅಂಗಾಲಿನ ಮೇಲೆ ಬೆಳಕು ಮಿಟುಕಿತು. ಆ ಬೆಳಕಿಗೆ ಒಳಗಿನ ರಕ್ತ ಹೊರಡಿಸಿದ, ಕಿವಿಗೆ ಕೇಳದ ಸದ್ದನ್ನು ಹಿಡಿದು ಯಂತ್ರ ಅರೆನಿಮಿಷದಲ್ಲಿ ಪರದೆಯ ಮೇಲೆ ಚಿತ್ರ ಬಿಡಿಸಿತು. ರಕ್ತ ಹರಿಯುವ ಹಿಮ್ಮಡಿಯಲ್ಲಿ ಕೆಂಪು ಎಳೆಗಳು. ಬೆರಳುಗಳ ಕಡೆ ಬರೀ ಕಪ್ಪು.

ಬೆಳ್ತಂಗಡಿಯ ಶುಗರ್ ಕಾಯಿಲೆ ತಪಾಸಣೆ ಶಿಬಿರಕ್ಕೆ ಆ ಅಗ್ಗದ ಯಂತ್ರ ತಂದಿದ್ದ ವಿಸ್ಮಿತಾ ಕೇಳಿದಳು, "ಅಜ್ಜ, ಕಾಲು ಜೋಮು ಹಿಡಿದು ಎಷ್ಟು ಸಮಯ ಆಯ್ತು?"

"ಜೋಮು ಎಂಥದ್ದೂ ಇಲ್ಲ ಮಗಾ. ಮೂವತ್ತು ವರ್ಷದಿಂದ ಕೆಂಡಸೇವೆ ಮಾಡ್ತೇನೆ. ಈ ಸಲ ಕೆಂಡ ಸುಡಲೇ ಇಲ್ಲ. ದೈವದ ದಯೆ."

ಆ ದಯೆಯನ್ನು ಊರಿಗೆಲ್ಲ ಹೇಳಿಕೊಂಡು ಬಂದವಳು ಹೆಂಡತಿ ಸೇಸಮ್ಮ. ಅವಳು ಪರದೆಯ ಕಪ್ಪನ್ನು ನೋಡಿದಳು. ಮೆಲ್ಲಗೆ ಬಗ್ಗಿ, ಗಂಡನ ಕಾಲಿನ ಹೆಬ್ಬೆರಳನ್ನು ಉಗುರು ನಾಟುವಷ್ಟು ಚಿವುಟಿದಳು.

ಡೊಂಬಯ್ಯ ಪರದೆಯನ್ನೇ ನೋಡುತ್ತಿದ್ದ.

"ಒಳ್ಳೆ ಯಂತ್ರ ಮಗಾ," ಅಂದ. "ಮುಟ್ಟಿದ್ದೇ ಗೊತ್ತಾಗ್ಲಿಲ್ಲ."